ಮಗಳು ‘ಚಟ ಬಿಡಿಸುವ ಡಾಕ್ಟರ್’ ಆಗುತ್ತಾಳಂತೆ: ಇದು ಮಕ್ಕಳ ವೈದ್ಯರ ಕೆಲಸವೇ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಸಾಗರದ ಕಡೆಯವನು. ಮಗಳು ಅಮೆರಿಕದ ಬಾಸ್ಟನ್‌ನಲ್ಲಿ ಮಕ್ಕಳ ವೈದ್ಯಕೀಯದ ರೆಸಿಡೆನ್ಸಿ, ಅಂದರೆ ತಜ್ಞ ತರಬೇತಿ, ಮುಗಿಸುತ್ತಿದ್ದಾಳೆ. ಮುಂದೆ ಹೃದಯವೋ, ನವಜಾತ ಶಿಶುಗಳ ವಿಭಾಗವೋ ಆರಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆವು. ಈಗ ಹದಿಹರೆಯದವರ ವ್ಯಸನ ಚಿಕಿತ್ಸೆಯಲ್ಲಿ ಒಂದು ವರ್ಷದ ಫೆಲೋಶಿಪ್ ಮಾಡುತ್ತೇನೆ ಅನ್ನುತ್ತಿದ್ದಾಳೆ. ‘ಮಕ್ಕಳ ಡಾಕ್ಟರ್ ಆಗಲಿ ಅಂತ ಓದಿಸಿದರೆ ಕುಡುಕರ ಡಾಕ್ಟರ್ ಆಗ್ತಾಳಂತೆ’ ಎಂದು ಅವಳ ತಾಯಿ ಬೇಸರದಲ್ಲಿದ್ದಾಳೆ. ಇದು ನಿಜವಾಗಿ ಮಕ್ಕಳ ವೈದ್ಯರ ಕೆಲಸವೇ? ಅಲ್ಲಿ ಯಾರು ಇದನ್ನು ಮಾಡುತ್ತಿದ್ದಾರೆ, ಏನು ಮಾಡುತ್ತಾರೆ? ನಾಳೆ ಊರಿಗೆ ಬಂದರೆ ಈ ವಿದ್ಯೆಗೆ ಇಲ್ಲಿ ಜಾಗ ಇದೆಯೇ?

ಉತ್ತರ:

ಮೇಷ್ಟ್ರೇ, ನಮಸ್ಕಾರ.

ಮೊದಲ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹೌದು, ಇದು ಮಕ್ಕಳ ವೈದ್ಯರ ಕೆಲಸವೇ. ನನ್ನನ್ನು ಕೇಳಿದರೆ, ನಾವು ಮಕ್ಕಳ ವೈದ್ಯರು ತುಂಬಾ ತಡವಾಗಿ ಕೈಗೆತ್ತಿಕೊಂಡ ಕೆಲಸ. ಮೈಸೂರಿನಲ್ಲಿ ಬಹಳ ವರ್ಷಗಳಿಂದ ಮಕ್ಕಳನ್ನು ನೋಡುತ್ತಿದ್ದೇನೆ. ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ಒಬ್ಬ ಹುಡುಗನ ವಿಷಯದಲ್ಲಿ ತಪ್ಪು ಮಾಡಿ ಕಲಿತದ್ದು.

ಆಗ ನಾನಿನ್ನೂ ಹೊಸಬ. ಹದಿನಾಲ್ಕು ವರ್ಷದ ಹುಡುಗನನ್ನು ಅವನ ತಾಯಿ ಮೂರು ಸಲ ಕರೆದುಕೊಂಡು ಬಂದಿದ್ದರು. ತಲೆನೋವು, ವಾಂತಿ, ಊಟ ಸೇರುವುದಿಲ್ಲ, ತೂಕ ಇಳಿಯುತ್ತಿದೆ. ಮೊದಲ ಸಲ ಗ್ಯಾಸ್ಟ್ರಿಕ್ ಅಂದೆ. ಎರಡನೇ ಸಲ ಕಣ್ಣು ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ ಅಂದೆ. ಮೂರನೇ ಸಲ ತೂಕ ನೋಡುತ್ತಿದ್ದ ಸಿಸ್ಟರ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: ‘ಸಾರ್, ಈ ಹುಡುಗನ ಅಂಗಿ ತೋಳು ಪಂಕ್ಚರ್ ಅಂಗಡಿ ವಾಸನೆ ಬರ್ತಿದೆ.’ ಆಮೇಲೆ ನೋಡಿದರೆ ಮೂಗಿನ ಕೆಳಗೆ, ತುಟಿಯ ಸುತ್ತ ಚರ್ಮ ಒಡೆದು ಕೆಂಪಾಗಿತ್ತು. ಅದು ಎರಡು ಸಲವೂ ನನ್ನ ಕಣ್ಣೆದುರಿಗೇ ಇತ್ತು, ಅಲ್ವಾ? ತಾಯಿಯನ್ನು ಹೊರಗೆ ಕೂರಲು ಹೇಳಿ, ಸಲ್ಯೂಷನ್ ಎಳೆಯುತ್ತೀಯಾ, ಅಂದರೆ ಪಂಕ್ಚರ್ ಹಾಕುವ ಅಂಟು ಮೂಸುತ್ತೀಯಾ ಅಂತ ಕೇಳಿದೆ. ತಲೆ ಆಡಿಸಿದ. ದಿನಕ್ಕೆ ಎಷ್ಟು ಟ್ಯೂಬ್ ಅಂದೆ. ಬಾಯಿ ಬಿಡಲಿಲ್ಲ, ಮೂರು ಬೆರಳು ತೋರಿಸಿದ.

ಅಲ್ಲಿಯವರೆಗೆ ಸರಿಯಾಗಿತ್ತು. ಆಮೇಲೆ ನಾನು ಮಾಡಿದ್ದನ್ನು ಕೇಳಿ. ಬಾಗಿಲು ತೆರೆದು, ಕಾರಿಡಾರ್‌ನಲ್ಲಿ ಹತ್ತು ಜನರ ಎದುರಿಗೆ, ‘ನಿಮ್ಮ ಮಗ ಸಲ್ಯೂಷನ್ ಚಟಕ್ಕೆ ಬಿದ್ದಿದ್ದಾನಮ್ಮಾ’ ಅಂದುಬಿಟ್ಟೆ. ತಾಯಿ ಅಲ್ಲೇ ಅವನ ಕೆನ್ನೆಗೆ ಹೊಡೆದರು. ಅವನು ನನ್ನ ಮುಖವನ್ನು ಒಂದು ಸಲ ನೋಡಿದ, ಅಷ್ಟೇ. ಮತ್ತೆ ಬರಲಿಲ್ಲ. ವಿಳಾಸ ಹುಡುಕಿಕೊಂಡು ಹೋದಾಗ ಮನೆ ಖಾಲಿ ಮಾಡಿದ್ದರು.

ನಿಮ್ಮ ಮಗಳು ಕಲಿಯಲು ಹೊರಟಿರುವುದು ಆ ದಿನ ನನಗೆ ಗೊತ್ತಿಲ್ಲದಿದ್ದ ವಿದ್ಯೆಯನ್ನು. ಮಗುವನ್ನು ಹೇಗೆ ಕೇಳಬೇಕು, ಕೇಳಿದ ಮೇಲೆ ಆ ಗುಟ್ಟನ್ನು ಹೇಗೆ ಕಾಪಾಡಬೇಕು, ಆಮೇಲೆ ಏನು ಔಷಧ ಕೊಡಬೇಕು, ಔಷಧ ಸಿಗದಂತೆ ಅಡ್ಡ ನಿಂತಿರುವ ಕಾನೂನು ಇದ್ದರೆ ಅದನ್ನು ಹೇಗೆ ಬದಲಿಸಬೇಕು. ಈ ನಾಲ್ಕನ್ನೂ ಜಗತ್ತಿನಲ್ಲಿ ಜಾಸ್ತಿ ಗಂಭೀರವಾಗಿ ಹಿಡಿದವರಲ್ಲಿ ಬಾಸ್ಟನ್‌ನ ಮಕ್ಕಳ ವೈದ್ಯರು ಮುಖ್ಯರು. ಅವಳು ಸರಿಯಾದ ಊರಿನಲ್ಲೇ ಇದ್ದಾಳೆ.

ಇದು ಯಾಕೆ ಮಕ್ಕಳ ವೈದ್ಯರಿಗೆ ಸೇರಿದ್ದು ಅಂದರೆ, ಚಟ ಶುರುವಾಗುವುದೇ ನಮ್ಮ ಹತ್ತಿರ ಬರುವ ವಯಸ್ಸಿನಲ್ಲಿ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ವ್ಯಸನ ಅಧ್ಯಯನ ಕೇಂದ್ರ 2011ರಲ್ಲಿ ಒಂದು ವರದಿ ಕೊಟ್ಟಿತು. ಅಮೆರಿಕದಲ್ಲಿ ವ್ಯಸನದ ಕಾಯಿಲೆ ಇರುವ 10 ಜನರಲ್ಲಿ 9 ಮಂದಿ ಸಿಗರೇಟು, ಮದ್ಯ ಅಥವಾ ಬೇರೆ ನಶೆಯನ್ನು ಮೊದಲು ಮುಟ್ಟಿದ್ದು 18 ತುಂಬುವ ಮೊದಲು. ಅದಕ್ಕೆ ಕಾರಣ ಮೆದುಳಿನಲ್ಲೇ ಇದೆ. ಖುಷಿ, ರೋಮಾಂಚನ ಬೇಕು ಅನ್ನುವ ಭಾಗ ಹದಿಮೂರು-ಹದಿನಾಲ್ಕಕ್ಕೇ ಜೋರಾಗಿ ಕೆಲಸ ಶುರುಮಾಡುತ್ತದೆ. ‘ತಡಿ, ಯೋಚನೆ ಮಾಡು’ ಅನ್ನುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಈ ಹತ್ತು-ಹನ್ನೆರಡು ವರ್ಷದ ಅಂತರದಲ್ಲಿ ಮೆದುಳು ಪಾಠವನ್ನು ಬೇಗ ಕಲಿಯುತ್ತದೆ, ನಶೆಯನ್ನೂ ಅಷ್ಟೇ ಬೇಗ ಕಲಿಯುತ್ತದೆ. ನಲವತ್ತನೇ ವಯಸ್ಸಿನಲ್ಲಿ ಡಿ-ಅಡಿಕ್ಷನ್ ವಾರ್ಡಿಗೆ ಬರುವ ಮನುಷ್ಯ ಹದಿನಾರರಲ್ಲಿ ಜ್ವರಕ್ಕೋ ಮೊಡವೆಗೋ ಯಾರೋ ಒಬ್ಬ ವೈದ್ಯರ ಮುಂದೆ ಕೂತಿರುತ್ತಾನೆ. ಆಗ ಅವನನ್ನು ಯಾರಾದರೂ ಕೇಳಿದ್ದರೆ ಅಂತ ಯೋಚಿಸಿ ನೋಡಿ. ಅವಳ ತಾಯಿಗೆ ಇದೊಂದನ್ನು ಬಿಡಿಸಿ ಹೇಳಿ.

ಬಾಸ್ಟನ್‌ನಲ್ಲಿ ಈ ಕೆಲಸ ಶುರುವಾದದ್ದೂ ಕೇಳುವುದರಿಂದಲೇ. ಬಾಸ್ಟನ್ ಚಿಲ್ಡ್ರನ್ಸ್ ಆಸ್ಪತ್ರೆಯ ಮಕ್ಕಳ ವೈದ್ಯ ಡಾ. ಜಾನ್ ನೈಟ್ ಮತ್ತು ಅವರ ಸಂಗಡಿಗರು 1999ರಲ್ಲಿ ಆರು ಪ್ರಶ್ನೆಗಳ ಒಂದು ಪುಟ್ಟ ಪಟ್ಟಿ ಪ್ರಕಟಿಸಿದರು. ಹೆಸರು ‘ಕ್ರಾಫ್ಟ್’. ಅದಕ್ಕೂ ಮುಂಚೆ ಬಳಕೆಯಲ್ಲಿದ್ದ ಇಂಥ ಪುಟ್ಟ ಪಟ್ಟಿಗಳು ಹೆಚ್ಚಾಗಿ ದೊಡ್ಡವರಿಗಾಗಿ ಮಾಡಿದ್ದವು. ‘ಬೆಳಿಗ್ಗೆ ಎದ್ದ ಕೂಡಲೇ ಕುಡಿಯಬೇಕು ಅನಿಸುತ್ತದೆಯೇ’ ಅಂತ ಹದಿನೈದರ ಹುಡುಗಿಯನ್ನು ಕೇಳಿ ಏನು ಪ್ರಯೋಜನ? ಅವಳು ಕುಡಿಯುವುದು ಶನಿವಾರ ರಾತ್ರಿ ಗೆಳತಿಯ ಮನೆಯಲ್ಲಿ. ಹಾಗಾಗಿ ಮಕ್ಕಳ ಬದುಕಿಗೆ ಹೊಂದುವ ಪ್ರಶ್ನೆ ಬೇಕಿತ್ತು.

ಆ ಆರನ್ನು ನಾನು ನನ್ನ ಕ್ಲಿನಿಕ್‌ನಲ್ಲಿ ನಮ್ಮ ಮಾತಿಗೆ ಇಳಿಸಿಕೊಂಡಿದ್ದೇನೆ. ಕುಡಿದವರು ಅಥವಾ ನಶೆಯಲ್ಲಿದ್ದವರು ಓಡಿಸುವ ಗಾಡಿಯಲ್ಲಿ ಕೂತಿದ್ದೀಯಾ, ಅಥವಾ ನೀನೇ ಹಾಗೆ ಓಡಿಸಿದ್ದೀಯಾ? ಮನಸ್ಸು ಹಗುರ ಆಗಲಿ, ನಾಲ್ಕು ಜನರ ಜೊತೆ ಸೇರಬೇಕು ಅಂತ ತೆಗೆದುಕೊಳ್ಳುತ್ತೀಯಾ? ಒಬ್ಬನೇ ಇದ್ದಾಗಲೂ ತೆಗೆದುಕೊಳ್ಳುತ್ತೀಯಾ? ಆಗ ಮಾಡಿದ್ದು ಆಮೇಲೆ ಮರೆತುಹೋಗಿದೆಯಾ? ಮನೆಯವರು, ಗೆಳೆಯರು ‘ಕಡಿಮೆ ಮಾಡೋ’ ಅಂತ ಹೇಳಿದ್ದಾರಾ? ಅದರಿಂದ ಏನಾದರೂ ತೊಂದರೆಗೆ ಸಿಕ್ಕಿಹಾಕಿಕೊಂಡಿದ್ದೀಯಾ? ಎರಡಕ್ಕೆ ‘ಹೌದು’ ಬಂತು ಅಂದರೆ ವೈದ್ಯರು ಕುರ್ಚಿ ಹತ್ತಿರ ಎಳೆದುಕೊಂಡು ನಿಧಾನವಾಗಿ ಮಾತಾಡಬೇಕು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮೊದಲ ಪ್ರಶ್ನೆ, ಗಾಡಿಯದ್ದು. ‘ನಾನು ಯಾವತ್ತೂ ಏನೂ ಮುಟ್ಟಿಲ್ಲ’ ಅಂದ ಮಗುವಿಗೂ ಅದನ್ನು ಕೇಳಲೇಬೇಕು ಅಂತ ನಿಯಮ. ಉಳಿದ ಐದನ್ನು ಬಿಡಬಹುದು, ಇದನ್ನು ಬಿಡುವಂತಿಲ್ಲ. ಯಾಕೆ ಗೊತ್ತಾ? ಕುಡಿದವನು ಮಗು ಅಲ್ಲದೆ ಇರಬಹುದು, ಗಾಡಿ ಓಡಿಸುವ ಅಪ್ಪನೋ ಅಣ್ಣನೋ ಇರಬಹುದು. ಹೋದ ವರ್ಷ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಈ ಪ್ರಶ್ನೆಗೆ ಸುಮ್ನೆ ಕೂತಳು. ತುಂಬಾ ಹೊತ್ತಾದ ಮೇಲೆ, ‘ಟ್ಯೂಷನ್ನಿಂದ ಅಪ್ಪನೇ ಕರ್ಕೊಂಡು ಬರೋದು ಅಂಕಲ್’ ಅಂದಳು. ಅಷ್ಟೇ ಮಾತು. ಆ ಮಾತಿನಿಂದ ಒಂದು ಇಡೀ ಮನೆಗೆ ಸಹಾಯ ಮಾಡಲು ದಾರಿ ಸಿಕ್ಕಿತು. ಅಪ್ಪ ಈಗ ಚಿಕಿತ್ಸೆಯಲ್ಲಿದ್ದಾರೆ. ಹುಡುಗಿಯನ್ನು ಕರೆತರಲು ಅಜ್ಜ ಹೋಗುತ್ತಾರೆ.

ನೈಟ್ ಅವರ ನಂತರ ಆ ಕೆಲಸವನ್ನು ದೊಡ್ಡದು ಮಾಡಿದವರು ಡಾ. ಶ್ಯಾರನ್ ಲೆವಿ. ಇವರೂ ಮಕ್ಕಳ ವೈದ್ಯರೇ. ಮಕ್ಕಳ ಬೆಳವಣಿಗೆ ಮತ್ತು ನಡವಳಿಕೆಯ ವಿಭಾಗದಲ್ಲಿ ತರಬೇತಿ ಪಡೆದವರು. ಅದೇ ಆಸ್ಪತ್ರೆಯಲ್ಲಿ 2000ದಲ್ಲಿ ಶುರುವಾದ ಹದಿಹರೆಯದವರ ವ್ಯಸನ ಚಿಕಿತ್ಸಾ ವಿಭಾಗವನ್ನು ಬೆಳೆಸಿ ನಡೆಸಿದವರು. ನಾಯಕತ್ವ ಅಂದರೆ ವೇದಿಕೆ, ಭಾಷಣ ಅಂತ ನಾವು ಅಂದುಕೊಳ್ಳುತ್ತೇವೆ. ಲೆವಿ ಅವರ ವಿಷಯದಲ್ಲಿ ನನಗೆ ನಾಯಕತ್ವ ಕಾಣುವುದು ಇನ್ನೊಂದು ಕಡೆ. ಅವರು ಕೆಲಸವನ್ನು ಸಣ್ಣ ಊರಿನ ಬಿಡುವಿಲ್ಲದ ವೈದ್ಯರ ಕೈಗೆ ಸಿಗುವಷ್ಟು ಸುಲಭ ಮಾಡಿದರು.

ಉದಾಹರಣೆಗೆ, 2014ರಲ್ಲಿ ಅವರ ತಂಡ ಇನ್ನೂ ಚಿಕ್ಕ ದಾರಿಯೊಂದನ್ನು ಪರೀಕ್ಷಿಸಿ ತೋರಿಸಿತು. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ತೆಗೆದುಕೊಂಡೆ ಅಂತ ಕೇಳುವುದು, ಅಷ್ಟೇ. ಉತ್ತರ ನಾಲ್ಕೇ: ಒಮ್ಮೆಯೂ ಇಲ್ಲ, ಒಂದೋ ಎರಡೋ ಸಲ, ತಿಂಗಳಿಗೊಮ್ಮೆ, ವಾರಕ್ಕೊಮ್ಮೆ ಅಥವಾ ಜಾಸ್ತಿ. ಆ ಉತ್ತರದಿಂದಲೇ ಸಮಸ್ಯೆ ಎಷ್ಟು ಆಳ ಹೋಗಿದೆ ಅಂತ ಬಹುಮಟ್ಟಿಗೆ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಅಂದವರಲ್ಲಿ ಕಾಯಿಲೆ ಶುರುವಾಗಿರುವ ಸಂಭವ ಜಾಸ್ತಿ. ವಾರಕ್ಕೊಮ್ಮೆ ಅಂದವರಲ್ಲಿ ಅದು ಬಲವಾಗಿ ಹಿಡಿದಿರಬಹುದು. ಒಂದು ನಿಮಿಷದ ಕೆಲಸ. ಹೊರಗೆ ಮೂವತ್ತು ರೋಗಿಗಳು ಕಾಯುತ್ತಿದ್ದರೂ ಕೇಳಬಹುದು.

‘ಒಮ್ಮೆಯೂ ಇಲ್ಲ’ ಅಂದ ಮಗುವಿಗೂ ಒಂದು ಮಾತು ಹೇಳಬೇಕು ಅನ್ನುವುದು ಈ ಪದ್ಧತಿಯ ಭಾಗ. ‘ಒಳ್ಳೆಯ ನಿರ್ಧಾರ ಮಾಡಿದ್ದೀಯ, ಹೀಗೇ ಇರು’ ಅಂತ. ನಾವು ತಪ್ಪು ಮಾಡಿದ ಹುಡುಗನ ಹಿಂದೆ ಬೀಳುತ್ತೇವೆ, ಸುಮ್ಮನಿರುವ ಹುಡುಗನನ್ನು ಮರೆಯುತ್ತೇವೆ. ನೀವು ಮೇಷ್ಟ್ರು, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅಂಥ ಹುಡುಗರು ಕಡಿಮೆಯೂ ಇಲ್ಲ. ಅಮೆರಿಕದಲ್ಲಿ ಹನ್ನೆರಡನೇ ತರಗತಿಯ ಮಕ್ಕಳಲ್ಲಿ ಮದ್ಯ, ತಂಬಾಕು, ಗಾಂಜಾ ಯಾವುದನ್ನೂ ಒಮ್ಮೆಯೂ ಮುಟ್ಟದವರು 1976ರಲ್ಲಿ ಶೇಕಡ 5ರಷ್ಟಿದ್ದರು. 2014ರ ಹೊತ್ತಿಗೆ ಶೇಕಡ 25ಕ್ಕೆ ಏರಿದ್ದರು. ಇದನ್ನು ಲೆಕ್ಕ ಹಾಕಿ ಪ್ರಕಟಿಸಿದವರಲ್ಲೂ ಲೆವಿ ಒಬ್ಬರು. ‘ಈ ವಯಸ್ಸಲ್ಲಿ ಎಲ್ಲರೂ ಮಾಡ್ತಾರೆ ಬಿಡಿ’ ಅನ್ನುವ ಮಾತಿಗೆ ನಾನು ಈಗ ಈ ಲೆಕ್ಕವನ್ನೇ ಹೇಳುತ್ತೇನೆ.

ಇನ್ನು ಗುಟ್ಟಿನ ವಿಷಯ. ನಾನು ಕಾರಿಡಾರ್‌ನಲ್ಲಿ ಮಾಡಿದ ತಪ್ಪಿಗೆ ಅಲ್ಲಿ ಒಂದು ಶಿಸ್ತೇ ಇದೆ. ಮೊದಲು ಅಪ್ಪ-ಅಮ್ಮ, ಮಗು ಎಲ್ಲರೂ ಒಟ್ಟಿಗೆ ಇರುವಾಗಲೇ ಹೇಳಿಬಿಡುತ್ತಾರೆ: ‘ಈಗ ಸ್ವಲ್ಪ ಹೊತ್ತು ಮಗುವಿನ ಜೊತೆ ಒಬ್ಬಳೇ ಮಾತಾಡುತ್ತೇನೆ. ಜೀವಕ್ಕೆ ಅಪಾಯ ಇದೆ ಅನಿಸಿದರೆ ನಿಮಗೆ ಹೇಳುತ್ತೇನೆ. ಉಳಿದದ್ದು ನಮ್ಮಿಬ್ಬರಲ್ಲೇ ಇರುತ್ತದೆ.’ ಆಮೇಲೆ ತಂದೆತಾಯಿಗೆ ಏನು ಹೇಳಬೇಕು, ಯಾರು ಹೇಳಬೇಕು ಅನ್ನುವುದನ್ನು ಮಗುವಿನ ಜೊತೆ ಕೂತೇ ತೀರ್ಮಾನಿಸುತ್ತಾರೆ. ಎಷ್ಟೋ ಸಲ ಮಗುವೇ ಹೇಳುತ್ತದೆ, ವೈದ್ಯರು ಪಕ್ಕದಲ್ಲಿ ಇರುತ್ತಾರೆ. ತಂದೆತಾಯಿಯನ್ನು ಹೊರಗಿಡುವ ಉಪಾಯ ಇದು ಅಂತ ಅಂದುಕೊಳ್ಳಬೇಡಿ. ಚಿಕಿತ್ಸೆ ಗಟ್ಟಿಯಾಗಿ ಮುಂದುವರಿಯುವುದು ಮನೆಯವರ ಬಲದಿಂದಲೇ. ಆದರೆ ಬಾಗಿಲು ಯಾವ ಕ್ರಮದಲ್ಲಿ ತೆರೆಯಬೇಕು ಅನ್ನುವುದಕ್ಕೆ ಲೆಕ್ಕ ಇದೆ.

ಶಾಲೆಗಳಲ್ಲಿ ಮಕ್ಕಳ ಮೂತ್ರ ಹಿಡಿದು ಡ್ರಗ್ಸ್ ಪರೀಕ್ಷೆ ಮಾಡಿಸುವ ಪದ್ಧತಿ ಅಲ್ಲಿ ಕೆಲವು ಕಡೆ ಇದೆ. 2015ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಅಂದರೆ ಅಲ್ಲಿನ ಮಕ್ಕಳ ವೈದ್ಯರ ಸಂಘ, ಇದನ್ನು ವಿರೋಧಿಸಿ ಹೇಳಿಕೆ ಕೊಟ್ಟಿತು. ಅದನ್ನು ಬರೆಯುವುದರಲ್ಲೂ ಲೆವಿ ಮುಂದಿದ್ದರು. ಪರೀಕ್ಷೆ ಹೆಸರಿನಲ್ಲಿ ಮಗುವಿನ ನಂಬಿಕೆ ಕಳೆದುಕೊಂಡರೆ, ಆಮೇಲೆ ಅದು ಸಹಾಯ ಕೇಳಿ ಬರುವುದಿಲ್ಲ. ನಮ್ಮ ಕೆಲವು ಶಾಲೆಗಳೂ ಈ ಪರೀಕ್ಷೆ ಶುರುಮಾಡಬೇಕು ಅಂತ ಆಗಾಗ ಮಾತಾಡುತ್ತವೆ. ಅವರು ಇದನ್ನು ಓದಿದರೆ ಒಳ್ಳೆಯದು.

ಈಗ ಔಷಧದ ಕಥೆಗೆ ಬರುತ್ತೇನೆ. ಇದು ಸ್ವಲ್ಪ ಉದ್ದ, ಯಾಕೆಂದರೆ ನಿಮ್ಮ ಮಗಳು ಕಾಲಿಡುತ್ತಿರುವ ಹೋರಾಟ ಇದೇ.

ಅಮೆರಿಕದಲ್ಲಿ ಅಫೀಮಿನ ಜಾತಿಯ ಮಾತ್ರೆಗಳು, ಹೆರಾಯಿನ್, ಈಗ ಅವೆಲ್ಲಕ್ಕಿಂತ ಬಲವಾದ ಫೆಂಟನಿಲ್ ಎಷ್ಟು ಮನೆ ಹಾಳು ಮಾಡಿವೆ ಅಂತ ನೀವೂ ಓದಿರುತ್ತೀರಿ. ಈ ಚಟಕ್ಕೆ ಒಳ್ಳೆಯ ಔಷಧ ಇದೆ, ಬ್ಯುಪ್ರೆನಾರ್ಫಿನ್ ಅಂತ. ನಾಲಿಗೆಯ ಕೆಳಗೆ ಇಟ್ಟುಕೊಳ್ಳುವುದು. ಒದ್ದಾಟ, ಬೇಕು ಬೇಕು ಅನ್ನುವ ತಹತಹ ತಗ್ಗುತ್ತದೆ, ಹುಡುಗ ಶಾಲೆಗೆ ಹೋಗುವಂತಾಗುತ್ತಾನೆ. 2002ರಲ್ಲೇ ಇದಕ್ಕೆ ಅಲ್ಲಿನ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು, ಅದೂ 16 ವರ್ಷದಿಂದ ಮೇಲ್ಪಟ್ಟವರಿಗೆ. ಅಂದರೆ ಹೈಸ್ಕೂಲ್ ಮಕ್ಕಳಿಗೂ ಕೊಡಬಹುದು. ಆದರೆ ಬರೆಯುವವರೇ ಇಲ್ಲ. ಅದನ್ನು ಬರೆಯಲು ವೈದ್ಯರು ಎಂಟು ಗಂಟೆಯ ಪ್ರತ್ಯೇಕ ತರಬೇತಿ ಮುಗಿಸಿ, ಸರ್ಕಾರದಿಂದ ವಿಶೇಷ ಅನುಮತಿ ಸಂಖ್ಯೆ ಪಡೆಯಬೇಕಿತ್ತು. ಮೊದಲ ವರ್ಷ 30 ರೋಗಿಗಳಿಗಿಂತ ಜಾಸ್ತಿ ನೋಡುವಂತಿಲ್ಲ. ಆ ಚಟವನ್ನು ಹಚ್ಚಿಸಿದ ನೋವಿನ ಮಾತ್ರೆ ಬರೆಯಲು ಇದ್ಯಾವ ಅನುಮತಿಯೂ ಬೇಕಿರಲಿಲ್ಲ. ಮಕ್ಕಳ ವೈದ್ಯರಂತೂ ‘ಇದು ನಮ್ಮದಲ್ಲ’ ಅಂತ ದೂರ ಉಳಿದರು.

ಇಲ್ಲಿ ಮುಂದೆ ಬಂದವರು ಇನ್ನೊಬ್ಬ ಮಕ್ಕಳ ವೈದ್ಯ, ಡಾ. ಸ್ಕಾಟ್ ಹ್ಯಾಡ್‌ಲ್ಯಾಂಡ್. ಇವರೂ ಬಾಸ್ಟನ್‌ನವರೇ, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹದಿಹರೆಯದವರ ವಿಭಾಗದ ಮುಖ್ಯಸ್ಥರಾದವರು. 2017ರಲ್ಲಿ ಇವರ ತಂಡ ಸಾವಿರಾರು ಮಕ್ಕಳ ಮತ್ತು ಯುವಕರ ವಿಮೆ ದಾಖಲೆ ತೆಗೆದು ನೋಡಿತು. ಅಫೀಮು ಜಾತಿಯ ಚಟ ಇದೆ ಅಂತ ಗೊತ್ತಾದ ನಾಲ್ಕು ಜನರಲ್ಲಿ ಒಬ್ಬರಿಗೆ ಮಾತ್ರ ಆರು ತಿಂಗಳೊಳಗೆ ಔಷಧ ಸಿಕ್ಕಿತ್ತು. ವಯಸ್ಸು ಚಿಕ್ಕದಾದಷ್ಟೂ ಇನ್ನೂ ಕಡಿಮೆ. ಬೇರೆ ಯಾವ ಕಾಯಿಲೆಯಲ್ಲಾದರೂ, ಹುಡುಗ ಚಿಕ್ಕವನು ಅನ್ನುವ ಕಾರಣಕ್ಕೆ ನಾವು ಔಷಧ ತಡೆಹಿಡಿಯುತ್ತೇವಾ?

2016ರಲ್ಲಿ ಮಕ್ಕಳ ವೈದ್ಯರ ಅಕಾಡೆಮಿ ಅಧಿಕೃತವಾಗಿ ಹೇಳಿತು: ಈ ಚಟ ತೀವ್ರವಾಗಿರುವ ಹದಿಹರೆಯದವರಿಗೆ ಔಷಧ ಕೊಡಿ, ಅಥವಾ ಕೊಡುವವರ ಹತ್ತಿರ ಕಳಿಸಿ. ನಿಮಗೆ ಇದು ಒಂದು ಕಾಗದದ ಹಾಳೆ ಅನ್ನಿಸಬಹುದು. ಒಂಟಿಯಾಗಿ ಕ್ಲಿನಿಕ್ ನಡೆಸುವ ನನ್ನಂಥವರಿಗೆ ಅದು ತುಂಬಾ ದೊಡ್ಡದು. ‘ಮಗುವಿಗೆ ಇಂಥ ಮಾತ್ರೆ ಕೊಟ್ಟನಲ್ಲ’ ಅಂತ ನಾಳೆ ಯಾರಾದರೂ ಬೈದರೆ, ತೋರಿಸಲು ಕೈಯಲ್ಲಿ ಏನಾದರೂ ಇರಬೇಕು. ಅದೇ ವರ್ಷ ವ್ಯಸನ ಚಿಕಿತ್ಸೆಗೆ ಅಮೆರಿಕದಲ್ಲಿ ಒಂದು ಅಧಿಕೃತ ಉಪವಿಭಾಗದ ಸ್ಥಾನವೂ ಸಿಕ್ಕಿತು. ಮಕ್ಕಳ ವೈದ್ಯರೂ, ಮನೋವೈದ್ಯರೂ, ಕುಟುಂಬ ವೈದ್ಯರೂ ಅದರ ತರಬೇತಿ ಪಡೆದು ಪರೀಕ್ಷೆ ಬರೆಯಬಹುದು. ನಿಮ್ಮ ಮಗಳು ಹೇಳುತ್ತಿರುವ ಒಂದು ವರ್ಷದ ಫೆಲೋಶಿಪ್ ಇದೇ. ಹಾಗಾಗಿ ಇದು ಯಾವುದೋ ಅಡ್ಡದಾರಿಯ ಕೋರ್ಸ್ ಇರಬಹುದೇನೋ ಅನ್ನುವ ಭಯ ಬೇಡ. ಆ ವಿಶೇಷ ಅನುಮತಿ, 30 ರೋಗಿಗಳ ಕಟ್ಟುಪಾಡನ್ನು 2022ರ ಡಿಸೆಂಬರ್ ಕೊನೆಯಲ್ಲಿ ಸಹಿಯಾದ ಕಾನೂನು ತೆಗೆದುಹಾಕಿತು. ವೈದ್ಯರು ವರ್ಷಗಟ್ಟಲೆ ಬರೆದು, ವಾದಿಸಿ, ಬೆನ್ನು ಹತ್ತಿದ್ದಕ್ಕೆ ಸಿಕ್ಕ ಫಲ ಅದು.

ಆದರೂ ಕೆಲಸ ಮುಗಿದಿಲ್ಲ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಸಂಶೋಧಕರು ಅಮೆರಿಕದ ಉದ್ದಗಲಕ್ಕೂ ಇರುವ, ಹದಿಹರೆಯದವರನ್ನು ಒಳರೋಗಿಯಾಗಿ ಇಟ್ಟುಕೊಳ್ಳುವ ಚಿಕಿತ್ಸಾ ಕೇಂದ್ರಗಳಿಗೆ ಫೋನ್ ಮಾಡಿದರು. ಸಂಶೋಧಕರು ಅಂತ ಹೇಳಲಿಲ್ಲ. 16 ವರ್ಷದ ಮಗುವಿನ ಚಿಕ್ಕಮ್ಮ, ಚಿಕ್ಕಪ್ಪ ಅಂತ ಹೇಳಿಕೊಂಡರು. ಮಗು ಫೆಂಟನಿಲ್‌ನಿಂದ ಸಾವಿನ ಬಾಗಿಲಿಗೆ ಹೋಗಿ ಬಂದಿದೆ, ನಿಮ್ಮಲ್ಲಿ ಬ್ಯುಪ್ರೆನಾರ್ಫಿನ್ ಕೊಡುತ್ತೀರಾ ಅಂತ ಕೇಳಿದರು. 160 ಕೇಂದ್ರಗಳಲ್ಲಿ ‘ಕೊಡುತ್ತೇವೆ’ ಅಂದದ್ದು 39. ನಿಜವಾದ ಚಿಕ್ಕಮ್ಮ ಒಬ್ಬಳು ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಹೀಗೆ ಒಂದೊಂದೇ ನಂಬರ್ ಒತ್ತುತ್ತಾ ಕೂತಿರುವುದನ್ನು ನೆನೆಸಿಕೊಳ್ಳಿ.

ಸಮಯ ಕಾಯುವಂತೆಯೂ ಇಲ್ಲ. 14ರಿಂದ 18 ವರ್ಷದ ಮಕ್ಕಳಲ್ಲಿ ಓವರ್‌ಡೋಸ್‌ನಿಂದ ಸತ್ತವರು 2019ರಲ್ಲಿ 492. 2021ರಲ್ಲಿ ಅಂದಾಜು 1,146. ಈ ಎರಡು ವರ್ಷದಲ್ಲಿ ನಶೆ ಮಾಡುವ ಮಕ್ಕಳ ಸಂಖ್ಯೆ ಏನೂ ಏರಿರಲಿಲ್ಲ. ಮಾತ್ರೆ ಬದಲಾಗಿತ್ತು. ನೋವಿನ ಮಾತ್ರೆ, ಆತಂಕದ ಮಾತ್ರೆ ಅಂತ ಫೋನ್‌ನಲ್ಲಿ ತರಿಸಿಕೊಂಡ ನಕಲಿ ಮಾತ್ರೆಯಲ್ಲಿ ಫೆಂಟನಿಲ್ ಇರುತ್ತಿತ್ತು. ಒಂದೇ ಮಾತ್ರೆ ಸಾಕು. ಅದಕ್ಕೇ ಅಲ್ಲಿನ ಮಕ್ಕಳ ವೈದ್ಯರು ಈಗ ಉಸಿರು ಮರಳಿಸುವ ನ್ಯಾಲಾಕ್ಸೋನ್ ಮೂಗಿನ ಸ್ಪ್ರೇ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ತಂದೆತಾಯಿಗೆ ಹೇಳಿಕೊಡುತ್ತಾರೆ. 2023ರಿಂದ ಅದು ಚೀಟಿ ಇಲ್ಲದೆಯೂ ಸಿಗುತ್ತದೆ. ಬಾಸ್ಟನ್‌ನಲ್ಲೋ, ನ್ಯೂಜೆರ್ಸಿಯಲ್ಲೋ ಇರುವ ನಮ್ಮವರು ‘ನಮ್ಮ ಮಕ್ಕಳು ಹಾಗಲ್ಲ’ ಅಂದುಕೊಂಡು ಇದನ್ನು ದಾಟಿ ಹೋಗಬಾರದು. ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರ ಇರಲಿ ಅಂತ ಗೆಳೆಯನ ಹತ್ತಿರ ಮಾತ್ರೆ ಈಸಿಕೊಳ್ಳುವ ಓದುವ ಹುಡುಗನಿಗೂ ಈ ಅಪಾಯ ಇದೆ.

ಕಾನೂನಿನ ಕೆಲಸಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ, ಅದು ನಮ್ಮ ರಾಜ್ಯದವರೆಗೂ ಬಂದು ಮುಟ್ಟಿದೆ. ಬಾಸ್ಟನ್ ಪಕ್ಕದಲ್ಲಿ ನೀಡಮ್ ಅಂತ ಒಂದು ಊರಿದೆ. 2005ರ ಹೊತ್ತಿಗೆ ಆ ಊರು ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಇಡೀ ಅಮೆರಿಕದಲ್ಲಿ ಮೊದಲು. ಐದು ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ಹೈಸ್ಕೂಲ್ ಮಕ್ಕಳಲ್ಲಿ ಸಿಗರೇಟು ಸೇದುವವರು ಶೇಕಡ 13ರಿಂದ 7ಕ್ಕೆ ಇಳಿದರು. ಸುತ್ತಲಿನ ಊರುಗಳಲ್ಲಿ ಇಳಿದದ್ದು 15ರಿಂದ 12ಕ್ಕೆ ಮಾತ್ರ. ಈ ಪುಟ್ಟ ಊರಿನ ಅನುಭವವನ್ನು ಹಿಡಿದುಕೊಂಡು ಊರೂರು ತಿರುಗಿ ವಾದಿಸಿದವರಲ್ಲಿ ಮ್ಯಾಸಚೂಸೆಟ್ಸ್ ಜನರಲ್‌ನ ಮಕ್ಕಳ ವೈದ್ಯ ಡಾ. ಜೊನಾಥನ್ ವಿನಿಕಾಫ್ ಮುಖ್ಯರು. ವಾದ ಸರಳ. ಹದಿನೆಂಟು ತುಂಬಿದ ಹುಡುಗ ಇನ್ನೂ ಶಾಲೆಯಲ್ಲೇ ಇರುತ್ತಾನೆ, ಹದಿನೈದರವನಿಗೆ ತಂದುಕೊಡುವವನು ಅವನೇ. ಇಪ್ಪತ್ತೊಂದರವನು ಶಾಲೆಯ ಕಾಂಪೌಂಡಿನಲ್ಲಿ ಇರುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಇದು ಇಡೀ ದೇಶದ ಕಾನೂನಾಯಿತು. ನಮ್ಮ ಕರ್ನಾಟಕವೂ ತಂಬಾಕು ಕಾನೂನಿಗೆ ತಿದ್ದುಪಡಿ ತಂದು, 2025ರಲ್ಲಿ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿದೆ. ಕಾನೂನು ಬಂತು. ನಮ್ಮ ಬಸ್ ಸ್ಟ್ಯಾಂಡ್ ಪಕ್ಕದ ಗೂಡಂಗಡಿಯಲ್ಲಿ ಯೂನಿಫಾರ್ಮ್ ಹಾಕಿದ ಹುಡುಗನಿಗೆ ಬಿಡಿ ಸಿಗರೇಟು ಕೊಡುವುದು ನಿಂತಿಲ್ಲ. ಅದನ್ನು ನಿಲ್ಲಿಸುವ ಕೆಲಸಕ್ಕೆ ಜನ ಬೇಕು.

ಈಗ ನಿಮ್ಮ ಕೊನೆಯ ಪ್ರಶ್ನೆ. ಊರಿಗೆ ಬಂದರೆ ಜಾಗ ಇದೆಯೇ?

ಕೆಲಸಕ್ಕಂತೂ ಕೊರತೆ ಇಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರಲ್ಲಿ ಒಂದೇ ಒಂದು ನಶೆಯಲ್ಲಿ ಮಕ್ಕಳು ದೊಡ್ಡವರನ್ನು ಮೀರಿಸಿದ್ದಾರೆ. ಅದು ಮೂಸುವ ನಶೆ, ಅಂದರೆ ವೈಟ್‌ನರ್, ಪೆಟ್ರೋಲ್, ಸಲ್ಯೂಷನ್. ದೊಡ್ಡವರಲ್ಲಿ ಶೇಕಡ 0.58, 10ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡ 1.17. ಸುಮಾರು 4.6 ಲಕ್ಷ ಮಕ್ಕಳಿಗೆ ಚಿಕಿತ್ಸೆಯ ಸಹಾಯ ಬೇಕಿದೆ ಅಂತ ವರದಿ ಹೇಳಿತು. ಅದನ್ನು ಓದಿದಾಗ ನನಗೆ ಆ ಮೂರು ಬೆರಳು ನೆನಪಾಯಿತು.

ಹುದ್ದೆ ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ನಮ್ಮಲ್ಲಿ ಮಕ್ಕಳ ವೈದ್ಯರಿಗೆ ಅಂತ ವ್ಯಸನ ಚಿಕಿತ್ಸೆಯ ಸರಿಯಾದ ದಾರಿ ಇನ್ನೂ ಆಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರ ಇದೆ, ಒಳ್ಳೆಯ ಹೆಸರಿದೆ. ಆ ವಿಷಯದಲ್ಲಿ ಅಲ್ಲಿರುವ ಉನ್ನತ ಪದವಿ, ಡಿಎಂ ಕೋರ್ಸ್, ಮನೋವೈದ್ಯಕೀಯದಲ್ಲಿ ಎಂಡಿ ಮಾಡಿದವರಿಗೆ. ಎಷ್ಟೋ ಆಸ್ಪತ್ರೆಗಳಲ್ಲಿ ಹದಿನಾಲ್ಕು ದಾಟಿದ ಹುಡುಗ ಮಕ್ಕಳ ವಾರ್ಡಿಗೂ ಸೇರುವುದಿಲ್ಲ, ದೊಡ್ಡವರ ವಾರ್ಡಿನಲ್ಲಿ ಅವನನ್ನು ಮಾತಾಡಿಸುವವರೂ ಇರುವುದಿಲ್ಲ. ಡಿ-ಅಡಿಕ್ಷನ್ ಸೆಂಟರ್‌ಗೆ ಕಳಿಸಿದರೆ ಐವತ್ತು ವರ್ಷದವರ ಪಕ್ಕದ ಮಂಚದಲ್ಲಿ ಮಲಗುತ್ತಾನೆ. ಹಾಗಾಗಿ ನಿಮ್ಮ ಮಗಳು ಬಂದರೆ ಸಿದ್ಧ ಕುರ್ಚಿ ಕಾದಿರುವುದಿಲ್ಲ. ಯಾವುದಾದರೂ ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಸೇರಿ, ವಾರಕ್ಕೊಂದು ದಿನ ಹದಿಹರೆಯದವರ ಒಪಿಡಿ ಶುರುಮಾಡಿ, ಪಕ್ಕದ ಮನೋವೈದ್ಯರನ್ನು, ಒಬ್ಬ ಕೌನ್ಸೆಲರ್‌ನನ್ನು ಜೊತೆಗೆ ಸೇರಿಸಿಕೊಂಡು ಕಟ್ಟಬೇಕಾಗುತ್ತದೆ. ಬಾಸ್ಟನ್‌ನಲ್ಲೂ ಹೀಗೆ ಹೊಸದಾಗಿ ಕಟ್ಟಿಕೊಂಡು ಬಂದದ್ದೇ.

ಕಾನೂನಿನ ಆಸರೆ ಸ್ವಲ್ಪ ಇದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಕೊಟ್ಟವನನ್ನು ಹಿಡಿಯುವ ಬದಲು ತೆಗೆದುಕೊಂಡ ಮಗುವನ್ನು ಶಾಲೆಯಿಂದ ಓಡಿಸುವುದನ್ನೇ ನಾನು ಜಾಸ್ತಿ ನೋಡಿದ್ದೇನೆ. ಟಿಸಿ ಕೊಟ್ಟು ಕಳಿಸಿದ ಹುಡುಗನಿಗೆ ದಿನವಿಡೀ ಸಿಗುವ ಜಾಗ ಯಾವುದು ಹೇಳಿ? ಅದೇ ಪಂಕ್ಚರ್ ಅಂಗಡಿ. ನೀವು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇದ್ದವರು. ನಿಮ್ಮ ಮಾತಿಗೆ ನಿಮ್ಮ ಕಡೆಯ ಹೆಡ್‌ಮಾಸ್ಟರುಗಳು ಬೆಲೆ ಕೊಡುತ್ತಾರೆ. ಟಿಸಿ ಕೊಡುವ ಮೊದಲು ಒಬ್ಬ ವೈದ್ಯರಿಗೆ ತೋರಿಸಿ ಅಂತ ನೀವು ಹೇಳಿದರೆ ಅದು ಅವಳ ಕೆಲಸದ ಅರ್ಧ ಭಾಗ. ಓದುತ್ತಿರುವ ಬೇರೆ ತಂದೆತಾಯಿಗೂ ಹೇಳುತ್ತೇನೆ: 14446 ಕೇಂದ್ರ ಸರ್ಕಾರದ ವ್ಯಸನ ಮುಕ್ತಿ ಸಹಾಯವಾಣಿ, 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ.

ಮಗಳ ತಾಯಿಯವರಿಗೆ ನನ್ನ ಕಡೆಯಿಂದ ಒಂದು ಮಾತು. ಅಮ್ಮಾ, ಅವಳು ನೋಡುವುದು ಕುಡುಕರನ್ನಲ್ಲ, ಹದಿನೈದು-ಹದಿನಾರರ ಮಕ್ಕಳನ್ನು. ಅವರಲ್ಲಿ ಎಷ್ಟೋ ಜನಕ್ಕೆ ಮನೆಯಲ್ಲಿ ಯಾರ ಹತ್ತಿರವೂ ಹೇಳಲಾಗದ ದುಃಖ ಇರುತ್ತದೆ. ಕೆಲವರು ಮತ್ತೆ ಮತ್ತೆ ಬೀಳುತ್ತಾರೆ, ಒಬ್ಬಿಬ್ಬರನ್ನು ಅವಳು ಕಳೆದುಕೊಳ್ಳಲೂಬಹುದು. ಆ ದಿನ ಅವಳು ಮನೆಗೆ ಫೋನ್ ಮಾಡುತ್ತಾಳೆ. ಆಗ ‘ನಾನು ಮೊದಲೇ ಹೇಳಿದ್ದೆ’ ಅನ್ನಬೇಡಿ. ಊಟ ಆಯ್ತಾ ಅಂತ ಕೇಳಿ.

ಮೇಷ್ಟ್ರೇ, ಮುಂದಿನ ಸಲ ಅವಳು ಫೋನ್ ಮಾಡಿದಾಗ ನನಗಾಗಿ ಒಂದು ಕೆಲಸ ಮಾಡಿ. ಆ ಆರು ಪ್ರಶ್ನೆಗಳನ್ನು ನಾನು ನನ್ನ ಮೈಸೂರು ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ ಅಂದೆನಲ್ಲ. ‘ಗಾಡಿ’ ಪ್ರಶ್ನೆಯನ್ನು ನಿಮ್ಮ ಸಾಗರದ ಹುಡುಗನಿಗೆ, ಅವನ ಅಪ್ಪನ ಬೈಕ್ ಹೊರಗೆ ನಿಂತಿರುವಾಗ, ಅವನಿಗೆ ಹೆದರಿಕೆ ಆಗದ ಹಾಗೆ ಯಾವ ಮಾತಿನಲ್ಲಿ ಕೇಳಬೇಕು ಅಂತ ಅವಳನ್ನು ಕೇಳಿ, ನೀವಿಬ್ಬರೂ ಕೂತು ಬರೆಯಿರಿ. ನನಗೆ ಕಳಿಸಿ. ಮಲೆನಾಡಿನ ಕಡೆಯಿಂದ ನನ್ನ ಹತ್ತಿರ ಬರುವ ಮಕ್ಕಳಿದ್ದಾರೆ.